ದೊಡ್ಡ ಕರುಳಿನ ಹಸಿವು

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ಮಳೆಗಾಲದಲ್ಲಿ ಐವತ್ತರ ಆಸುಪಾಸಿನ ಅಕ್ಕ ಒಬ್ಬರು ನನ್ನ ಹತ್ತಿರ ಬಂದಿದ್ದರು. ಶುಗರ್ ಇದೆ ಅಂತ ಆಗಷ್ಟೇ ಗೊತ್ತಾಗಿತ್ತು. ಊಟದ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ಅದಕ್ಕೇ ಮೊದಲು ಕೇಳಿದ್ದು, ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ತಿಂದ್ರಿ ಅಂತ. ಬೆಳಗ್ಗೆ ಇಡ್ಲಿ. ಮಧ್ಯಾಹ್ನ ಅನ್ನ, ತಿಳಿಸಾರು. ಸಂಜೆ ಟೀ ಜೊತೆ ನಾಲ್ಕು ಬಿಸ್ಕತ್ತು. ರಾತ್ರಿ ಮತ್ತೆ ಅನ್ನ, ಮೊಸರು. "ಸಿಹಿ ಮುಟ್ಟೋದೇ ಇಲ್ಲ ಮೇಡಂ, ಆದ್ರೂ ಯಾಕೆ ಬಂತು?" ಅಂತ ಕಣ್ಣಲ್ಲಿ ನೀರು ತುಂಬಿಕೊಂಡರು.

ಶುಗರ್ ಬರೋದಕ್ಕೆ ಕಾರಣ ಹತ್ತಾರು ಇರುತ್ತವೆ. ವಂಶ, ತೂಕ, ನಿದ್ದೆ, ಓಡಾಟ ಎಲ್ಲವೂ ಸೇರುತ್ತವೆ. ಆದರೆ ಆ ತಟ್ಟೆಯಲ್ಲಿ ಇಲ್ಲದ್ದೇ ನನ್ನ ಕಣ್ಣಿಗೆ ಬಿತ್ತು. ಕಾಳಿಲ್ಲ, ಸೊಪ್ಪಿಲ್ಲ. ಅಂದರೆ ನಾರಿನ ಅಂಶ ತೀರಾ ಕಮ್ಮಿ.

ನಾರು ಅಂದ್ರೆ ಹೊಟ್ಟೆ ಸಾಫ್ ಮಾಡುವ ಕಸ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಊಟ. ನಮ್ಮದಲ್ಲ, ನಮ್ಮೊಳಗೆ ಇರುವವರದ್ದು. ನಾವು ತಿಂದ ಪಿಷ್ಟ, ಕೊಬ್ಬು, ಪ್ರೋಟೀನು ಬಹುಪಾಲು ಸಣ್ಣ ಕರುಳಲ್ಲೇ ಅರಗಿ ರಕ್ತಕ್ಕೆ ಸೇರುತ್ತವೆ. ನಾರನ್ನು ಮಾತ್ರ ನಮ್ಮ ಕೈಲಿ ಅರಗಿಸೋಕೆ ಆಗಲ್ಲ. ಅದು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಕಾಯ್ತಾ ಇರುತ್ತವೆ. ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಅಂತ 2016ರ ಒಂದು ಲೆಕ್ಕ ಹೇಳುತ್ತದೆ. ಹೆಚ್ಚಿನವು ಇರುವುದು ಈ ದೊಡ್ಡ ಕರುಳಲ್ಲೇ.

ಮನೆಯಲ್ಲಿ ಅಂಬಲಿ ಮಾಡಿದವರಿಗೆ ಇದು ಕಣ್ಣಿಗೆ ಕಟ್ಟುತ್ತದೆ. ನನ್ನ ಅಜ್ಜಿ ಸಂಜೆ ರಾಗಿಹಿಟ್ಟು ಕದಡಿ ಗಂಜಿ ಕಾಯಿಸಿ, ಮಡಕೆಗೆ ಹುಯ್ದು, ಬಾಯಿಗೆ ಬಟ್ಟೆ ಕಟ್ಟಿ ಒಲೆ ಪಕ್ಕ ಇಡುತ್ತಿದ್ದರು. ಬೆಳಗ್ಗೆ ಬಟ್ಟೆ ಬಿಚ್ಚಿದರೆ ಮೇಲೆಲ್ಲ ಸಾಸಿವೆ ಗಾತ್ರದ ಗುಳ್ಳೆಗಳು, ತೆಳ್ಳಗೆ ಹುಳಿ ವಾಸನೆ. ರಾತ್ರಿಯಿಡೀ ಯಾರೋ ಅಲ್ಲಿ ಕೆಲಸ ಮಾಡಿದ್ದಾರೆ ಅಂತ ಗೊತ್ತಾಗುತ್ತಿತ್ತು. ನಮ್ಮ ದೊಡ್ಡ ಕರುಳೂ ಅಂಥದ್ದೇ ಒಂದು ಮಡಕೆ. ಅಲ್ಲೂ ನಾರು ಹುಳಿಯುತ್ತದೆ, ಆಮ್ಲಗಳು ಹುಟ್ಟುತ್ತವೆ. ಅವುಗಳಲ್ಲಿ ಬ್ಯುಟಿರೇಟ್ ಅನ್ನುವುದು ಮುಖ್ಯವಾದದ್ದು. ಮೊದಲು ಬೆಣ್ಣೆಯಲ್ಲಿ ಸಿಕ್ಕಿದ್ದಕ್ಕೆ ಆ ಹೆಸರು.

ಈಗ ಕರುಳಿನ ಗೋಡೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಒಳಮೈಗೆ ಒಂದೇ ಒಂದು ಸಾಲು ಜೀವಕೋಶಗಳ ಹೊದಿಕೆ. ಒಂದಕ್ಕೊಂದು ಒತ್ತಿ ನಿಂತಿರುತ್ತವೆ. ನಾಲ್ಕೈದು ದಿನಕ್ಕೊಮ್ಮೆ ಹಳೆಯವು ಉದುರಿ ಹೊಸವು ಬರುತ್ತವೆ. ಅವುಗಳ ಮೇಲೆ ಲೋಳೆಯ ಪದರ ಇರುತ್ತದೆ. ನಮ್ಮ ಮೈಯ ಉಳಿದ ಹೆಚ್ಚಿನ ಜೀವಕೋಶಗಳಿಗೆ ಊಟ ರಕ್ತದಿಂದ ಬರುತ್ತದೆ. ದೊಡ್ಡ ಕರುಳಿನ ಕೋಶಗಳಿಗೆ ಮಾತ್ರ ಮುಖ್ಯ ಊಟ ಈ ಬ್ಯುಟಿರೇಟ್. ಬ್ಯಾಕ್ಟೀರಿಯಾ ಅಡುಗೆ ಮಾಡಿದರೇ ಅವಕ್ಕೆ ಹೊಟ್ಟೆ ತುಂಬೋದು. ಇದನ್ನು ಓದಿದ ದಿನ ನಾನು ಎಷ್ಟೋ ಹೊತ್ತು ಸುಮ್ನೆ ಕೂತಿದ್ದೆ.

ನಾರು ಬರದೇ ಇದ್ದರೆ? 2016ರಲ್ಲಿ ಇಲಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಮನುಷ್ಯರ ಕರುಳಿನ 14 ಬಗೆಯ ಬ್ಯಾಕ್ಟೀರಿಯಾಗಳನ್ನು ಇಲಿಗಳಿಗೆ ಕೊಟ್ಟು, ನಾರಿಲ್ಲದ ಆಹಾರ ಹಾಕಿದರು. ಹಸಿದ ಬ್ಯಾಕ್ಟೀರಿಯಾಗಳು ಲೋಳೆಯನ್ನೇ ತಿನ್ನತೊಡಗಿದವು. ಪದರ ತೆಳುವಾಯಿತು, ರೋಗಾಣುಗಳು ಗೋಡೆಯ ಹತ್ತಿರಕ್ಕೆ ಬಂದವು. ಗೋಡೆ ಸಡಿಲವಾದರೆ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಜಿನುಗುತ್ತವೆ. ಅವುಗಳ ವಿರುದ್ಧ ಮೈ ಹೂಡುವ ಕಾದಾಟ, ಅಂದರೆ ಉರಿಯೂತ, ಸಣ್ಣಗೆ ಶುರುವಾಗುತ್ತದೆ. ಜ್ವರ ಬರಲ್ಲ, ನೋವೂ ಇರಲ್ಲ. ಬೂದಿ ಮುಚ್ಚಿದ ಕೆಂಡದ ಹಾಗೆ ವರ್ಷಗಟ್ಟಲೆ ಇರುತ್ತದೆ. ರಕ್ತದ ಸಕ್ಕರೆಯನ್ನು ಒಳಗೆ ತಗೊಳ್ಳಿ ಅಂತ ಜೀವಕೋಶಗಳಿಗೆ ಹೇಳುವುದು ಇನ್ಸುಲಿನ್; ಇಂಥ ಉರಿಯೂತ ಇದ್ದಲ್ಲಿ ಅದರ ಮಾತನ್ನು ಅವು ಸರಿಯಾಗಿ ಕೇಳಲ್ಲ. ಸಕ್ಕರೆ ಕಾಯಿಲೆ, ಹೃದ್ರೋಗ, ಕರುಳಿನ ಕ್ಯಾನ್ಸರ್, ಈ ಮೂರರ ಹಿಂದೆಯೂ ಈ ಉರಿಯೂತದ ಕೈವಾಡ ಇದೆ.

ಇಲಿ ಬೇರೆ, ಮನುಷ್ಯ ಬೇರೆ ಅಲ್ವಾ ಅಂತ ನೀವು ಕೇಳಬಹುದು. 2015ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಹೇಳುತ್ತೇನೆ. ಅಮೆರಿಕದ ಕಪ್ಪು ಜನರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಆಗ ಲಕ್ಷ ಜನಕ್ಕೆ 65 ಇತ್ತು. ದಕ್ಷಿಣ ಆಫ್ರಿಕಾದ ಹಳ್ಳಿಗಳ ಕಪ್ಪು ಜನರಲ್ಲಿ ಲಕ್ಷಕ್ಕೆ 5ಕ್ಕೂ ಕಡಿಮೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸ್ಟೀಫನ್ ಓಕೀಫ್ ಮತ್ತು ಜೊತೆಗಾರರು ಎರಡೂ ಕಡೆಯಿಂದ 20-20 ಜನರನ್ನು ಆರಿಸಿ ಎರಡು ವಾರ ಊಟ ಅದಲುಬದಲು ಮಾಡಿದರು. ಅಮೆರಿಕದವರಿಗೆ ಮೆಕ್ಕೆಜೋಳ, ಕಾಳು, ಹಣ್ಣು. ಹಳ್ಳಿಯವರಿಗೆ ಹ್ಯಾಂಬರ್ಗರ್, ಆಲೂಗಡ್ಡೆ ಫ್ರೈ. ಎರಡೇ ವಾರ! ನಾರು ಸಿಕ್ಕವರ ಕರುಳಲ್ಲಿ ಬ್ಯುಟಿರೇಟ್ ಏರಿತು, ಉರಿಯೂತ ಇಳಿಯಿತು. ಹಳ್ಳಿಯವರಿಗೆ ಇದರ ತಿರುಗುಮುರುಗು ಆಯಿತು. ಕ್ಯಾನ್ಸರ್ ವಾಸಿಯಾಯಿತು ಅಂತ ಇದರ ಅರ್ಥ ಅಲ್ಲ. ಆದರೆ ಕರುಳು ಇಷ್ಟು ಬೇಗ ಬದಲಾಗುತ್ತೆ ಅನ್ನೋದು ನನಗೆ ದೊಡ್ಡ ಧೈರ್ಯ ಕೊಟ್ಟ ಸಂಗತಿ.

ನಮ್ಮ ಅಡುಗೆಮನೆಗೆ ಬರೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಹಾಗಂತ ಅನ್ನ ಬಿಟ್ಟು ಎರಡೆರಡು ಮುದ್ದೆ ನುಂಗಿದರೆ ಶುಗರ್ ಇಳಿಯುತ್ತೆ ಅಂದುಕೊಳ್ಳಬೇಡಿ. ಮುದ್ದೆಯಲ್ಲೂ ಪಿಷ್ಟ ಬೇಕಾದಷ್ಟಿದೆ. ಮುದ್ದೆ ಚಿಕ್ಕದಾಗಲಿ, ಬಸ್ಸಾರಿನ ಪಲ್ಯ ದೊಡ್ಡದಾಗಲಿ. ಹುರುಳಿಕಾಳು, ಅವರೆಕಾಳು, ದಂಟಿನ ಸೊಪ್ಪು, ನುಗ್ಗೆ ಸೊಪ್ಪು ತಟ್ಟೆಯ ಅರ್ಧ ಭಾಗ ತುಂಬಲಿ. ಉತ್ತರ ಕರ್ನಾಟಕದವರು ಜೋಳದ ರೊಟ್ಟಿ ಜೊತೆ ಮಡಿಕೆ ಕಾಳಿನ ಪಲ್ಯ, ಹಸಿ ಸೊಪ್ಪು ತಿನ್ನುತ್ತಾರಲ್ಲ, ಅದಕ್ಕಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ.

ಒಂದೇ ದಿನ ಜಾಸ್ತಿ ಮಾಡಬೇಡಿ. ಹೊಟ್ಟೆ ಉಬ್ಬರಿಸುತ್ತದೆ, ಗ್ಯಾಸ್ ಆಗುತ್ತದೆ. ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ, ನೀರು ಚೆನ್ನಾಗಿ ಕುಡಿಯಿರಿ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಕಾಳು, ಸೊಪ್ಪು ಹೆಚ್ಚಿಸಿ. ಶುಗರ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಆ ಅಕ್ಕ ಮೂರು ತಿಂಗಳು ಬಿಟ್ಟು ಮತ್ತೆ ಬಂದಿದ್ದರು. ಮಾತ್ರೆ ಇನ್ನೂ ಇದೆ, ಊಟಕ್ಕೆ ಮುಂಚಿನ ಶುಗರ್ ಸ್ವಲ್ಪ ಇಳಿದಿದೆ. ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಹುರುಳಿಕಾಳಿನ ಉಸಲಿ, ಮೇಲೆ ಕೊತ್ತಂಬರಿ. "ಬಿಸ್ಕತ್ತಿನ ಬದಲು ಈಗ ಇದೇ ಮೇಡಂ, ನೀವೂ ಒಂದು ಚೂರು ತಗೊಳ್ಳಿ" ಅಂದರು. ಇಬ್ಬರೂ ಅಲ್ಲೇ ಕೂತು ತಿಂದೆವು.

ನಮಸ್ಕಾರ.