ಹಳೆಯ ಕ್ಯಾಂಪರ್ ವ್ಯಾನಿನ ನೀರು ಮತ್ತು ಹೊಗೆ

ಕೇಳುಗರೇ, ನಮಸ್ಕಾರ.

ಏರುದಾರಿಯಲ್ಲಿ ಹೋಗುತ್ತಿದ್ದೆ. ವ್ಯಾನಿನ ಟೆಂಪರೇಚರ್ ಮುಳ್ಳು ನಿಧಾನವಾಗಿ ಮೇಲೇರಿ ಕೆಂಪು ಗೆರೆಯ ಹತ್ತಿರ ಬಂದಿತ್ತು. ನೋಡನೋಡುತ್ತಿದ್ದ ಹಾಗೆ ಸರ್ರನೆ ಕೆಳಗೆ ಇಳಿಯಿತು. ಸದ್ಯ, ಇಂಜಿನ್ ತಣ್ಣಗಾಯಿತು ಅಂದುಕೊಂಡು ಇನ್ನೂ ಸ್ವಲ್ಪ ದೂರ ಓಡಿಸಿದೆ. ಅದು ತಪ್ಪಾಗಿತ್ತು. ಶಾಖ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ನೀರು ಇಳಿದು ಹೋಗಿ ಸೆನ್ಸರ್ ಬರಿದಾಗಿ ನಿಂತಿತ್ತು. ಅದಕ್ಕೇ ಮುಳ್ಳು ಬಿದ್ದಿತ್ತು. ಬಿಸಿ ಏರಿದ ಮುಳ್ಳು ಇದ್ದಕ್ಕಿದ್ದಂತೆ ಇಳಿದರೆ ದಯವಿಟ್ಟು ಆ ಕ್ಷಣವೇ ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿ. ನೀರಿನ ಟ್ಯಾಂಕಿನ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ. ಒಳಗಿನ ನೀರು ಒತ್ತಡದಲ್ಲಿರುತ್ತದೆ. ಅರ್ಧ ನೀರು, ಅರ್ಧ ಕೂಲಂಟ್ (ಇಂಜಿನ್ ತಣಿಸುವ ನೀರಿಗೆ ಬೆರೆಸುವ ದ್ರವ) ಸೇರಿದ್ದು ಆ ಒತ್ತಡದಲ್ಲಿ 100 ಡಿಗ್ರಿಗೂ ಕುದಿಯುವುದಿಲ್ಲ. ಮುಚ್ಚಳ ತೆಗೆದ ಗಳಿಗೆಯಲ್ಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ನನ್ನದು ಇಂಜಿನ್ ಹಿಂದೆ, ಬಿಸಿ ನೀರನ್ನು ತಣಿಸುವ ರೇಡಿಯೇಟರ್ ಮುಂದೆ ಇರುವ ವ್ಯಾನ್. ಫೋಕ್ಸ್‌ವ್ಯಾಗನ್ ಟಿ3 ನೋಡಿದವರಿಗೆ ಈ ಜೋಡಣೆ ಗೊತ್ತಿರುತ್ತದೆ. 1979ರಲ್ಲಿ ಆ ಮಾದರಿ ಬಂದಾಗ ಇಂಜಿನ್ ತಣಿಸಲು ಗಾಳಿಯೇ ಸಾಕಿತ್ತು. ಕೆಲವು ವರ್ಷಗಳ ನಂತರ ನೀರಿನಿಂದ ತಣಿಯುವ ಇಂಜಿನ್ ಬಂತು. ಆಗ ರೇಡಿಯೇಟರನ್ನು ಮೂತಿಯಲ್ಲಿ ಕೂರಿಸಿ, ಎರಡು ಉದ್ದದ ಪೈಪುಗಳನ್ನು ನೆಲದಡಿ ಹಿಂದಿನವರೆಗೂ ಎಳೆದರು. ಇಂಥ ವ್ಯಾನಿನಲ್ಲಿ ಹತ್ತು ಹದಿನೈದು ಲೀಟರಿಗೂ ಜಾಸ್ತಿ ನೀರು ಓಡಾಡುತ್ತದೆ. ದಾರಿ ಉದ್ದವಾದಷ್ಟೂ ಗಾಳಿ ಸಿಕ್ಕಿಕೊಳ್ಳುವ ಮೂಲೆಗಳು ಜಾಸ್ತಿ.

ನಾನು ಮೊದಲು ರೇಡಿಯೇಟರನ್ನೇ ಬೈದುಕೊಂಡು ಹೊಸದು ಹಾಕಿಸಿದೆ. ಮತ್ತೆ ಬಿಸಿಯಾಯಿತು. ಆಮೇಲೆ ಥರ್ಮೋಸ್ಟಾಟ್, ಅಂದರೆ ನೀರು ಬಿಸಿಯಾದಾಗ ರೇಡಿಯೇಟರಿನ ದಾರಿ ತೆರೆಯುವ ಕವಾಟ, ಬಿಚ್ಚಿದೆ. ಇದನ್ನು ಪರೀಕ್ಷಿಸುವುದು ಬಹಳ ಸುಲಭ. ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು, ಪಕ್ಕದಲ್ಲೇ ಥರ್ಮಾಮೀಟರ್ ಇಟ್ಟು, ಒಲೆ ಹಚ್ಚಿದೆ. ಅದರ ಮೇಲೆ 87 ಅಂತ ಕೊರೆದಿತ್ತು. 85 ದಾಟುವ ತನಕ ಅಲುಗಲಿಲ್ಲ. ಆಮೇಲೆ ಒಳಗಿನ ಮೇಣ ಕರಗಿ ಹಿಗ್ಗಿ, ಬಾಯಿ ಕೂದಲೆಳೆಯಷ್ಟು ಬಿಟ್ಟಿತು. ನೋಡುತ್ತಾ ನೋಡುತ್ತಾ ಬೆರಳು ತೂರುವಷ್ಟು ತೆರೆಯಿತು. ಅಂದರೆ ಅದರ ತಪ್ಪೇನೂ ಇರಲಿಲ್ಲ. ಬಿಸಿ ಜಾಸ್ತಿಯಾದರೆ ಥರ್ಮೋಸ್ಟಾಟ್ ಕಿತ್ತು ಬಿಸಾಡಿ ಅನ್ನುವವರು ತುಂಬ ಜನ ಇದ್ದಾರೆ. ನಾನು ಒಪ್ಪುವುದಿಲ್ಲ. ಬೈಪಾಸ್ ಇರುವ ಇಂಜಿನ್ನಿನಲ್ಲಿ ಅದನ್ನು ತೆಗೆದರೆ, ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಅಡ್ಡದಾರಿ ಹಿಡಿದು ಇಂಜಿನ್ನಿಗೇ ವಾಪಸ್ ಬರುತ್ತದೆ.

ಕೊನೆಗೆ ಸಿಕ್ಕಿದ್ದು ಗಾಳಿ. ಇಂಜಿನ್ ಓಡುತ್ತಿದ್ದಾಗ ರೇಡಿಯೇಟರಿನ ಮೇಲ್ಭಾಗ ಮುಟ್ಟಿದರೆ ತಣ್ಣಗಿತ್ತು, ಹಿಂದಿನ ಹೋಸ್ ಮುಟ್ಟಿದರೆ ಕೈ ಸುಡುತ್ತಿತ್ತು. ಮುಂದೆ ಗಾಳಿ ಗುಳ್ಳೆ ಕೂತಿದೆ, ನೀರು ದಾಟುತ್ತಿಲ್ಲ ಅಂತ ಆಗ ಹೊಳೆಯಿತು. ವ್ಯಾನಿನ ಮುಂಭಾಗವನ್ನು ಜಾಕಿನಿಂದ ಎತ್ತಿ ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿದೆ. ಬರೀ ಜಾಕ್ ನಂಬಿ ಅಡಿಗೆ ಹೋಗಬಾರದು. ಗಾಳಿ ಯಾವತ್ತೂ ಎತ್ತರದ ಕಡೆ ಸೇರುತ್ತದೆ. ಹಾಗಾಗಿ ರೇಡಿಯೇಟರ್ ಎಲ್ಲಕ್ಕಿಂತ ಮೇಲಿರಬೇಕು. ಇಂಜಿನ್ ಚಾಲೂ ಮಾಡಿ, ಹೀಟರ್ ಪೂರ್ತಿ ತೆರೆದು, ವೇಗ ಸ್ವಲ್ಪ ಏರಿಸಿ ಹಿಡಿದೆವು. ಜೊತೆಗಿದ್ದ ಗೆಳೆಯ ಹಿಂದಿನ ಟ್ಯಾಂಕಿಗೆ ಕೂಲಂಟ್ ಸುರಿಯುತ್ತಾ ಹೋದ. ನಾನು ಮುಂದೆ ರೇಡಿಯೇಟರಿನ ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಅರ್ಧ ಸುತ್ತು ಸಡಿಲಿಸಿದೆ. ಮೊದಲು ಬರೀ ಉಸ್ ಅನ್ನುವ ಸದ್ದು. ಆಮೇಲೆ ನೊರೆ ಬಂತು. ಸ್ವಲ್ಪ ಸಮಾಧಾನವಾದ ಹಾಗೆ ಕಂಡಿತು, ಮತ್ತೆ ಬುಸುಗುಟ್ಟಿತು. ತುಂಬ ಹೊತ್ತಾದ ಮೇಲೆ ಗುಳ್ಳೆ ಇಲ್ಲದ ಒಂದೇ ಎಳೆಯ ನೀರು ಸುರಿಯಿತು. ಆಗ ಸ್ಕ್ರೂ ಬಿಗಿಸಿದೆ. ಒಂದು ಸಲಕ್ಕೆ ಮುಗಿದು ಹೋಗುವ ಕೆಲಸ ಅಲ್ಲ ಇದು. ತಣ್ಣಗಾದ ಮೇಲೆ ಇನ್ನೊಂದು ಸಲ ಮಾಡಿದಾಗಲೂ ಒಂದಿಷ್ಟು ಗಾಳಿ ಬಂತು.

ಒಂದು ಮಾತು ಮಧ್ಯೆ ಹೇಳಿಬಿಡುತ್ತೇನೆ. ಬಸಿದ ಹಳೆಯ ಕೂಲಂಟನ್ನು ನೆಲಕ್ಕೆ ಬಿಡಬೇಡಿ. ಅದು ಸಿಹಿ, ಮತ್ತು ವಿಷ. ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ. ತಟ್ಟೆಯಲ್ಲಿ ಹಿಡಿದು, ಮುಚ್ಚಳವಿರುವ ಡಬ್ಬಿಗೆ ತುಂಬಿಡಿ. ಹೊಸದನ್ನು ಇಂಜಿನ್ ಯಾವುದು ಕೇಳುತ್ತದೆಯೋ ಅದನ್ನೇ ಹಾಕಿ, ಬಣ್ಣ ನೋಡಿ ಅಂದಾಜಿನ ಮೇಲೆ ಬೆರೆಸಬೇಡಿ.

ನೀರಿಲ್ಲದೆ ಓಡಿಸಿದ ಆ ಸ್ವಲ್ಪ ದೂರದ್ದೇ ನನಗೆ ದೊಡ್ಡ ಚಿಂತೆಯಾಗಿತ್ತು. ಸಿಲಿಂಡರುಗಳನ್ನು ಮುಚ್ಚುವ ಹೆಡ್ಡಿನ ಜೋಡಣೆಯಲ್ಲಿ ಸೋರದಂತೆ ಕೂರಿಸುವ ಪದರ, ಅಂದರೆ ಹೆಡ್ ಗ್ಯಾಸ್ಕೆಟ್, ಸುಟ್ಟಿದ್ದರೆ ಸಿಲಿಂಡರಿನ ಹೊಗೆ ನೀರಿಗೂ, ನೀರು ಸಿಲಿಂಡರಿಗೂ ನುಗ್ಗುತ್ತದೆ. ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದೆ ಬರುವುದು, ಚಾಲೂ ಮಾಡಿದ ಒಂದೆರಡು ನಿಮಿಷಕ್ಕೇ ಹೋಸ್ ಕಲ್ಲಿನ ಹಾಗೆ ಗಟ್ಟಿಯಾಗುವುದು ಇದರ ಲಕ್ಷಣ. ಬೆಳಗಿನ ಚಳಿಯಲ್ಲಿ ಸ್ವಲ್ಪ ಹೊತ್ತು ಕಾಣುವ ಹಬೆಗೆ ಹೆದರಬೇಕಿಲ್ಲ. ಪರೀಕ್ಷೆಗೆ ಒಂದು ನೀಲಿ ದ್ರವ ಸಿಗುತ್ತದೆ. ಟ್ಯಾಂಕಿನ ಬಾಯಲ್ಲಿ ಕೊಳವೆ ಇಟ್ಟು ಒಳಗಿನ ಗಾಳಿಯನ್ನು ಆ ದ್ರವದ ಮೂಲಕ ಎಳೆಯಬೇಕು. ಹೊಗೆ ಸೇರಿದ್ದರೆ ನೀಲಿ ಹಳದಿಗೆ ತಿರುಗುತ್ತದೆ. ನಾನು ರಬ್ಬರ್ ಬಲ್ಬ್ ಒತ್ತುತ್ತಾ ಕಣ್ಣು ಮಿಟುಕಿಸದೆ ನೋಡಿದೆ. ನೀಲಿ ನೀಲಿಯಾಗೇ ಉಳಿಯಿತು. ಆ ಬಣ್ಣ ಅಷ್ಟು ಚೆನ್ನಾಗಿದೆ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಇನ್ನು ಎಕ್ಸಾಸ್ಟ್, ಅಂದರೆ ಇಂಜಿನ್ನಿನ ಹೊಗೆ ಹೊರಗೆ ಹೋಗುವ ದಾರಿಯ ವಿಷಯ. ಸದ್ದು ಜಾಸ್ತಿಯಾಯಿತು ಅಂತ ಸೈಲೆನ್ಸರ್ ನೋಡುವವರೇ ಹೆಚ್ಚು. ಆದರೆ ಕ್ಯಾಂಪರ್ ವ್ಯಾನ್ ನಾವು ಮಲಗುವ ಜಾಗ, ಅಲ್ವಾ? ಎಕ್ಸಾಸ್ಟಿನಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಮಂಪರು ಬರುತ್ತದೆ. ದಣಿವು ಅಂದುಕೊಂಡು ಮಲಗಿದರೆ ಏಳದೇ ಹೋಗಬಹುದು. ಗಾಳಿಯಿಂದ ತಣಿಯುವ ಹಳೆಯ ವ್ಯಾನುಗಳಲ್ಲಿ ಅಪಾಯ ಇನ್ನೂ ಹತ್ತಿರ. ಅವುಗಳ ಹೀಟರ್ ಎಕ್ಸಾಸ್ಟ್ ಪೈಪಿನ ಸುತ್ತಲಿನ ಗಾಳಿಯನ್ನೇ ಒಳಗೆ ಕಳಿಸುತ್ತದೆ. ಆ ಪೈಪಿನಲ್ಲಿ ತುಕ್ಕಿನ ತೂತು ಬಿದ್ದರೆ ಹೊಗೆ ನೇರ ಹಾಸಿಗೆಗೇ ಬರುತ್ತದೆ.

ಸೋರಿಕೆ ಹುಡುಕಲು ಕಣ್ಣು, ಕಿವಿ ಸಾಕು. ಜೋಡಣೆಗಳ ಸುತ್ತ ಬಸಿದ ಹಾಗೆ ಕಪ್ಪು ಮಸಿ ಕಂಡರೆ ಅಲ್ಲಿ ಹೊಗೆ ಸೋರುತ್ತಿದೆ. ಬಯಲಿನಲ್ಲಿ, ತಣ್ಣಗಿರುವ ಇಂಜಿನ್ ಆಗಷ್ಟೇ ಚಾಲೂ ಮಾಡಿ, ದಪ್ಪ ಬಟ್ಟೆಯಿಂದ ಸೈಲೆನ್ಸರ್ ತುದಿಯನ್ನು ಒಂದೆರಡು ಕ್ಷಣ ಒತ್ತಿ ಹಿಡಿದರೆ ತೂತಿದ್ದ ಕಡೆ ಟಿಸ್ ಟಿಸ್ ಅಂತ ಸದ್ದು ಕೇಳುತ್ತದೆ.

ಸೋರುವ ಪೈಪನ್ನು ಬಿಚ್ಚುವುದೇ ಕಷ್ಟದ ಕೆಲಸ. ತುಕ್ಕು ಹಿಡಿದ ನಟ್ಟಿಗೆ ಜೋರು ಮಾಡಿದರೆ ಅದು ಕೂತಿರುವ ತಲೆಯಿಲ್ಲದ ಬೋಲ್ಟು, ಅಂದರೆ ಸ್ಟಡ್, ಅಲ್ಯುಮಿನಿಯಂ ಹೆಡ್ಡಿನೊಳಗೇ ಮುರಿಯುತ್ತದೆ. ಅದನ್ನು ತೆಗೆಯಲು ಒಂದು ದಿನವೇ ಹೋಗುತ್ತದೆ. ನಾನು ಮೂರು ದಿನ ಸಂಜೆ ಎಣ್ಣೆ ಬಿಟ್ಟೆ. ನಾಲ್ಕನೇ ದಿನ ಸ್ಪ್ಯಾನರ್ ಹಾಕಿ, ಮೊದಲು ಬಿಗಿಸುವ ಕಡೆಗೇ ತುಸು ಒತ್ತಿದೆ. ಕಟ್ ಅಂದಿತು. ಎದೆ ಧಸಕ್ಕೆಂದಿತು. ನೋಡಿದರೆ ಮುರಿದದ್ದು ತುಕ್ಕಿನ ಹಿಡಿತ. ಆಮೇಲೆ ಕಾಲು ಸುತ್ತು ಹಿಂದೆ, ಅದರ ಅರ್ಧ ಮುಂದೆ, ಮತ್ತೆ ಎಣ್ಣೆ. ಎಂಟು ನಟ್ಟುಗಳಲ್ಲಿ ಏಳು ಹೀಗೇ ಬಂದವು. ಎಂಟನೆಯದನ್ನು ಕತ್ತರಿಸಬೇಕಾಯಿತು, ಸ್ಟಡ್ ಉಳಿಯಿತು. ವಾಪಸ್ ಹಾಕುವಾಗ ಹೊಸ ಗ್ಯಾಸ್ಕೆಟ್, ತಾಮ್ರದ ನಟ್ಟು. ಎಲ್ಲ ನಟ್ಟುಗಳನ್ನೂ ಕೈಬಿಗಿಗೆ ತಂದು, ಪೈಪ್ ತನ್ನ ಜಾಗ ತಾನೇ ಹುಡುಕಿಕೊಳ್ಳಲು ಬಿಟ್ಟು, ಆಮೇಲೆ ಬಿಗಿಸಿ. ಪೈಪನ್ನು ಎಳೆದು ಕೂರಿಸಿದರೆ ಬಿಸಿಗೆ ಹಿಗ್ಗಿದಾಗ ಅಲ್ಲೇ ಸೀಳುತ್ತದೆ.

ಎರಡೂ ಮುಗಿದ ಮೇಲೆ ಅದೇ ಏರುದಾರಿ ಹತ್ತಿಸಿದೆ. ಮುಳ್ಳು ನಡುವಿಗೆ ಬಂದು ನಿಂತಿತು. ಮೇಲೆ ನಿಲ್ಲಿಸಿದಾಗ ಮುಂದಿನ ಫ್ಯಾನ್ ತಾನಾಗಿ ತಿರುಗಿ, ಸ್ವಲ್ಪ ಹೊತ್ತಿಗೆ ತಾನಾಗಿ ನಿಂತಿತು. ರಾತ್ರಿ ಇಂಜಿನ್ ಆರಿಸಿ, ಹಾಸಿಗೆಯ ಎತ್ತರಕ್ಕೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿ, ಅದರ ಬಟನ್ ಒತ್ತಿ ನೋಡಿ ಮಲಗಿದೆ. ಬೆಳಿಗ್ಗೆ ಎದ್ದವನೇ ಹಿಂದೆ ಹೋಗಿ ಟ್ಯಾಂಕ್ ನೋಡಿದೆ. ಹಿಂದಿನ ದಿನ ಪೆನ್ನಿನಲ್ಲಿ ಎಳೆದಿದ್ದ ಗೆರೆಯ ಮೇಲೇ ನೀರು ನಿಂತಿತ್ತು.

ನಮಸ್ಕಾರ.