ಬಿಗ್ ಬೇಸಿನ್‌ಗೆ ಈಗಲೇ ಹೋಗಿ

ಕೇಳುಗರಿಗೆ ನಮಸ್ಕಾರ.

"ಬಿಗ್ ಬೇಸಿನ್ ಸುಟ್ಟುಹೋಯಿತಲ್ಲ, ಈಗ ಅಲ್ಲಿ ನೋಡೋಕೆ ಏನಿದೆ?" 2020ರ ಕಾಡ್ಗಿಚ್ಚು ಆದಾಗಿನಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ, ಸನಿವೇಲ್ ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಈ ಮಾತು ಈಗಲೂ ಕಿವಿಗೆ ಬೀಳುತ್ತದೆ. ಮೊದಲಿನ ಹಾಗೆ ಆಗಲಿ, ಆಮೇಲೆ ಮಕ್ಕಳನ್ನು ಕರೆದುಕೊಂಡು ಹೋಗೋಣ ಅನ್ನುತ್ತಾರೆ. ಆ ಕಾಡು ಮೊದಲಿನ ಹಾಗೆ ಆಗುವುದನ್ನು ನೋಡೋಕೆ ನಾವಂತೂ ಇರುವುದಿಲ್ಲ, ನಮ್ಮ ಮಕ್ಕಳೂ ಇರುವುದಿಲ್ಲ. ಅದಕ್ಕೇ ಕಾಯಬೇಡಿ, ಈಗಲೇ ಹೋಗಿ ಅಂತ ಹೇಳೋಕೆ ಇವತ್ತು ನಿಮ್ಮ ಮುಂದೆ ಕೂತಿದ್ದೇನೆ.

ಈ ಊರಿಗೆ ಹೊಸದಾಗಿ ಬಂದವರಿಗೆ ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಸಾಂಟಾ ಕ್ರೂಜ್ ಬೆಟ್ಟಗಳ ನಡುವೆ ಇರುವ ಬಿಗ್ ಬೇಸಿನ್, ಕ್ಯಾಲಿಫೋರ್ನಿಯಾದ ಸ್ಟೇಟ್ ಪಾರ್ಕ್‌ಗಳಲ್ಲೆಲ್ಲ ಹಳೆಯದು. ಶುರುವಾದದ್ದು 1902ರಲ್ಲಿ. ಇಲ್ಲಿನ ರೆಡ್‌ವುಡ್ ಮರಗಳಲ್ಲಿ ಕೆಲವು 300 ಅಡಿಗೂ ಎತ್ತರ. 1500 ವರ್ಷ ದಾಟಿದವೂ ಇವೆ. ಅಂದರೆ ಹೆಚ್ಚುಕಡಿಮೆ ನಮ್ಮ ಹಲ್ಮಿಡಿ ಶಾಸನದ ಕಾಲದಿಂದ ಇವು ಬೇರು ಬಿಟ್ಟು ನಿಂತಿವೆ.

ಈ ಕಾಡು ತಾನಾಗಿ ಉಳಿದದ್ದಲ್ಲ. 1900ರಲ್ಲಿ ಸುತ್ತಮುತ್ತ ಎಲ್ಲ ಕಡೆ ಮರ ಕೊಯ್ಯುವ ಮಿಲ್‌ಗಳೇ. ಆ ಹೊತ್ತಿಗೆ ಆಂಡ್ರ್ಯೂ ಹಿಲ್ ಎಂಬ ಸ್ಯಾನ್ ಹೊಸೆಯ ಫೋಟೋಗ್ರಾಫರ್ ಹತ್ತಿರದ ಇನ್ನೊಂದು ತೋಪಿಗೆ ದೊಡ್ಡ ಮರಗಳ ಚಿತ್ರ ತೆಗೆಯೋಕೆ ಹೋದರು. ಅದು ಖಾಸಗಿ ಜಾಗ. ತೆಗೆದ ನೆಗೆಟಿವ್ ಕೊಟ್ಟುಬಿಡು ಅಂತ ಮಾಲೀಕರು ಪಟ್ಟು ಹಿಡಿದರು. ಹಿಲ್ ಕೊಡಲಿಲ್ಲ. ಇಂಥ ಮರಗಳು ಯಾರೋ ಒಬ್ಬರ ಸೊತ್ತಾಗಬಾರದು, ಎಲ್ಲ ಜನರದ್ದಾಗಬೇಕು ಅನ್ನುವುದು ಅವರ ತಲೆಗೆ ಹೊಕ್ಕಿತು. ಅದೇ ವರ್ಷ ಮೇ ತಿಂಗಳಲ್ಲಿ ಒಂದಷ್ಟು ಜನ ಬಿಗ್ ಬೇಸಿನ್‌ನಲ್ಲಿ ಬಿಡಾರ ಹೂಡಿ, ಸೆಂಪರ್‌ವೈರೆನ್ಸ್ ಕ್ಲಬ್ ಅಂತ ಒಂದು ಸಂಘ ಕಟ್ಟಿದರು. ಅದರಲ್ಲಿ ಬರಹಗಾರ್ತಿ ಕ್ಯಾರಿ ಸ್ಟೀವನ್ಸ್ ವಾಲ್ಟರ್ ಕೂಡ ಇದ್ದರು. ಬರೆದರು, ಭಾಷಣ ಮಾಡಿದರು, ಶಾಸಕರ ಬೆನ್ನು ಬಿದ್ದರು. ಎರಡೇ ವರ್ಷದಲ್ಲಿ ಕಾಡು ಸರ್ಕಾರದ ಕೈಗೆ ಬಂತು. ಇವತ್ತು ನಾವು ಬುತ್ತಿ ಕಟ್ಟಿಕೊಂಡು ಹೋಗಿ ಕೂರುವ ಜಾಗ ಈ ಜನ ನಮಗೆ ಕೊಟ್ಟದ್ದು.

ನಮ್ಮ ಮಕ್ಕಳು ಚಿಕ್ಕವರಿದ್ದಾಗ ಬೇಸಿಗೆ ಬಂತು ಅಂದರೆ ಟೆಂಟ್ ಹೊರಗೆ ಬರುತ್ತಿತ್ತು. ಬೋಲ್ಡರ್ ಕ್ರೀಕ್ ಊರು ದಾಟಿದ ಮೇಲೆ ರಸ್ತೆ ಪೂರ್ತಿ ತಿರುವು, ಆಗುಂಬೆ ಘಾಟಿಯ ನೆನಪಾಗುತ್ತದೆ. ಮಗಳಿಗೆ ಒಂದು ಸಲವಾದರೂ ವಾಂತಿ ಆಗದೆ ನಾವು ಅಲ್ಲಿ ತಲುಪಿದ್ದೇ ಇಲ್ಲ. ಇಳಿದು ಆ ತಂಪು ಗಾಳಿ ಮುಖಕ್ಕೆ ಬಡಿದ ತಕ್ಷಣ ಎಲ್ಲ ಮರೆತು ಓಡುತ್ತಿದ್ದಳು. ಹಳೆಯ ಬೆಂಕಿಗಳಲ್ಲಿ ಒಳಗೆಲ್ಲ ಸುಟ್ಟು ಟೊಳ್ಳಾದ ಮರವೊಂದು ಅಲ್ಲಿತ್ತು. ಒಳಗೆ ನಿಂತು ತಲೆ ಎತ್ತಿದರೆ ಮೇಲೆ ಆಕಾಶದ ಚೂರು ಕಾಣುತ್ತಿತ್ತು. ಒಳಗೆ ಹೀಗೆ ಖಾಲಿಯಾದರೂ ಮರ ಹಸಿರಾಗಿ ಬದುಕಿತ್ತು. ಅದರೊಳಗೆ ಎಷ್ಟು ಜನ ಹಿಡಿಸುತ್ತೇವೆ ಅಂತ ನೋಡುವುದೇ ಮಕ್ಕಳಿಗೆ ಆಟ.

ನಮ್ಮ ಅತ್ತೆ ತೀರ್ಥಹಳ್ಳಿ ಕಡೆಯವರು, ಅಡಿಕೆ ತೋಟದ ಮನೆ. ಊರಿಂದ ಬಂದಾಗ ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಮಗನ ಶೂ ಹಾಕಿಕೊಂಡು ನಮ್ಮ ಜೊತೆ ನಡೆಯುತ್ತಿದ್ದರು. ಅವರ ಕಣ್ಣು ಯಾವಾಗಲೂ ನೆಲದ ಮೇಲೆ. ಒಂದು ಕಾಯಿ ಎತ್ತಿ ಅಂಗೈಯಲ್ಲಿಟ್ಟು, "ಅಲ್ಲ ಮಾರಾಯ್ತಿ, ಅಷ್ಟೆತ್ತರದ ಮರಕ್ಕೆ ಇಷ್ಟೇ ಇಷ್ಟು ಕಾಯಿಯಾ? ನಮ್ಮ ಅಡಿಕೆಯಷ್ಟೂ ಇಲ್ಲ" ಅಂದರು. ಮರದ ನೆರಳಲ್ಲಿ ಹಾಸಿಕೊಂಡ ಮೂರೆಲೆಯ ಗಿಡ ನೋಡಿ, ಇದು ನಮ್ಮ ಹಿತ್ತಲ ಹುಳಿಸೊಪ್ಪಿನ ಜಾತಿಯದೇ, ತಂಬುಳಿಗೆ ಆಗ್ತದೆ ಅಂದರು. ನಿಜ, ಅದೇ ಕುಟುಂಬದ ಗಿಡ. ನೇರ ಬಿಸಿಲು ಬಿದ್ದರೆ ಎಲೆಗಳು ಮಡಚಿಕೊಂಡು ಕೆಳಗೆ ಬಾಗುತ್ತವೆ, ನೆರಳಾದರೆ ಮತ್ತೆ ಬಿಚ್ಚಿಕೊಳ್ಳುತ್ತವೆ. ಕೀಳುವ ಹಾಗಿಲ್ಲ, ನೋಡಬಹುದು. ಮಳೆಯೇ ಇಲ್ಲದ ಬೇಸಿಗೆಯಲ್ಲಿ ಇಷ್ಟು ದೊಡ್ಡ ಮರ ನೀರಿಗೆ ಏನು ಮಾಡ್ತದೆ ಅನ್ನುವುದು ಅತ್ತೆಯ ಇನ್ನೊಂದು ಪ್ರಶ್ನೆ. ಸಮುದ್ರದಿಂದ ಮಂಜು ಏರಿ ಬರುತ್ತದೆ. ಎಲೆಗಳಿಗೆ ತಾಗಿ ಹನಿಯಾಗಿ ಬುಡಕ್ಕೆ ಬೀಳುತ್ತದೆ. ಬೆಳಿಗ್ಗೆ ಟೆಂಟಿನ ಮೇಲೆ ಟಪ್ ಟಪ್ ಅಂತ ಬೀಳುವುದು ಅದೇ.

ಅಲ್ಲಿ ಊಟ ಮಾಡುವುದಕ್ಕೂ ಒಂದು ಶಿಸ್ತು ಇತ್ತು. ಒಂದು ಅಗುಳೂ ಕೆಳಗೆ ಬೀಳಬಾರದು. ನಾವೋ ಖಾರ ಮಂಡಕ್ಕಿ ಒಯ್ಯುವ ಜನ! ಸಂಜೆ ರೇಂಜರ್ ಒಬ್ಬರು ಬಂದು ಯಾಕೆ ಅಂತ ಮಕ್ಕಳಿಗೆ ಬಿಡಿಸಿ ಹೇಳಿದರು. ಮಾರ್ಬಲ್ಡ್ ಮರ್ಲೆಟ್ ಅಂತ ಒಂದು ಸಮುದ್ರದ ಹಕ್ಕಿ. ಮೀನು ಹಿಡಿಯುವುದು ಕಡಲಲ್ಲಿ, ಮೊಟ್ಟೆ ಇಡುವುದು ಈ ಹಳೆಯ ಮರಗಳ ದಪ್ಪ ಕೊಂಬೆಯ ಪಾಚಿಯ ಮೇಲೆ. ಇಡುವುದೂ ಒಂದೇ ಮೊಟ್ಟೆ. ಅದು ಎಲ್ಲಿ ಗೂಡು ಮಾಡುತ್ತದೆ ಅಂತ ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ. 1974ರಲ್ಲಿ ಇದೇ ಬಿಗ್ ಬೇಸಿನ್‌ನ ಕ್ಯಾಂಪ್ ಜಾಗದಲ್ಲಿ, ಕೊಂಬೆ ಕಡಿಯೋಕೆ ಮರ ಹತ್ತಿದವರೊಬ್ಬರಿಗೆ ಸುಮಾರು 150 ಅಡಿ ಮೇಲೆ ಅದರ ಮರಿ ಕಣ್ಣಿಗೆ ಬಿತ್ತು. ನಾವು ಚೆಲ್ಲಿದ ತಿಂಡಿಗೆ ಸ್ಟೆಲ್ಲರ್ಸ್ ಜೇ ಅನ್ನುವ ನೀಲಿ ಹಕ್ಕಿಗಳು, ಕಾಗೆ ಜಾತಿಯ ರೇವನ್‌ಗಳು ಗುಂಪು ಸೇರುತ್ತವೆ. ಹಾಗೆ ಬಂದವು ಈ ಮೊಟ್ಟೆಯನ್ನೂ ಬಿಡುವುದಿಲ್ಲ. ಇದನ್ನು ಕೇಳಿದ್ದೇ ತಡ, ಮಗ ಟಾರ್ಚ್ ಹಿಡಿದು ಮೇಜಿನ ಕೆಳಗೆ ತೂರಿದ. ಹುರಿಗಡಲೆ, ಮಂಡಕ್ಕಿ, ಕೊತ್ತಂಬರಿ ಎಲೆ ಒಂದೊಂದಾಗಿ ಆರಿಸಿ ಡಬ್ಬಕ್ಕೆ ಹಾಕಿದ. ಮನೆಯಲ್ಲಿ ತಟ್ಟೆ ಎತ್ತಿಡು ಅಂದರೆ ಕೇಳದ ಹುಡುಗ! ದೊಡ್ಡವರು ಹೇಳಿ ಕಲಿಸಲಾಗದ್ದನ್ನು ಒಂದು ಕಾಡು, ಕಣ್ಣಿಗೇ ಬೀಳದ ಒಂದು ಹಕ್ಕಿಯ ನೆಪದಲ್ಲಿ ಕಲಿಸಿತು.

2020ರ ಆಗಸ್ಟ್ 16ರ ಬೆಳಗಿನ ಜಾವ ಸಿಡಿಲು ಬಡಿಯಿತು. ಮಳೆ ಇಲ್ಲದ ಬರೀ ಸಿಡಿಲು. ಎರಡು ದಿನದಲ್ಲಿ ಗಾಳಿ ಎದ್ದು ಬೆಂಕಿ ಬಿಗ್ ಬೇಸಿನ್‌ಗೆ ನುಗ್ಗಿತು. ಪಾರ್ಕಿನ ನೂರಕ್ಕೆ 97 ಭಾಗಕ್ಕೆ ಬೆಂಕಿ ತಗುಲಿತು. 1930ರ ದಶಕದಲ್ಲಿ ಮರದಲ್ಲಿ ಕಟ್ಟಿದ ಕಚೇರಿ, ಮ್ಯೂಸಿಯಂ, ಕ್ಯಾಂಪ್ ಜಾಗಗಳು ಎಲ್ಲ ಹೋದವು. ನಮ್ಮ ಮನೆಯ ಮೇಲೂ ಆಕಾಶ ಕೆಂಪಾಗಿತ್ತು, ಕಾರಿನ ಮೇಲೆ ಬೂದಿ ಉದುರುತ್ತಿತ್ತು. ಮಗಳು ಫೋನಿನಲ್ಲಿ ಆ ಫೋಟೋಗಳನ್ನು ನೋಡಿ ಅತ್ತುಬಿಟ್ಟಳು.

ದೊಡ್ಡ ಮರಗಳೆಲ್ಲ ಸತ್ತವು ಅಂದುಕೊಂಡೆವು. ಸತ್ತಿರಲಿಲ್ಲ. ರೆಡ್‌ವುಡ್ ತೊಗಟೆ ಒಂದು ಅಡಿಯವರೆಗೂ ದಪ್ಪ ಇರುತ್ತದೆ, ಸುಲಭಕ್ಕೆ ಬೆಂಕಿ ಒಳಗೆ ಹೋಗೋಕೆ ಬಿಡುವುದಿಲ್ಲ. ಜೊತೆಗೆ ತೊಗಟೆಯ ಅಡಿಯಲ್ಲಿ ಮೊಗ್ಗುಗಳು ನೂರಾರು ವರ್ಷ ಮಲಗಿರುತ್ತವೆ. ಬಿಗ್ ಬೇಸಿನ್‌ನ ಚಿಗುರುಗಳನ್ನೇ ಪರೀಕ್ಷಿಸಿದ ವಿಜ್ಞಾನಿಗಳು 2023ರಲ್ಲಿ ಒಂದು ಸಂಗತಿ ಪ್ರಕಟಿಸಿದರು. ಎಲೆಯೇ ಇಲ್ಲದ ಮರ ಚಿಗುರಿಗೆ ಆಹಾರ ಎಲ್ಲಿಂದ ತಂದಿತು ಅಂದರೆ, ದಶಕಗಳ ಹಿಂದೆ ಕೂಡಿಟ್ಟ ಸಕ್ಕರೆಯಿಂದ. ನಮ್ಮ ಮಕ್ಕಳು ಹುಟ್ಟುವ ಎಷ್ಟೋ ಮೊದಲಿನ ಬಿಸಿಲು ಈಗ ಎಲೆಯಾಗಿ ಹೊರಗೆ ಬಂದಿದೆ. ಅದೇ ಕಾಡಿನ ಡಗ್ಲಸ್ ಫರ್ ಅನ್ನುವ ಬೇರೆ ಜಾತಿಯ ಮರಗಳಿಗೆ ಈ ಶಕ್ತಿ ಇಲ್ಲ, ಅವು ಬಹಳಷ್ಟು ಒಣಗಿ ಹೋದವು.

2022ರ ಜುಲೈನಲ್ಲಿ ಪಾರ್ಕ್ ಮತ್ತೆ ತೆರೆಯಿತು. ಆಮೇಲೆ ಅತ್ತೆ ಬಂದಾಗ ಅವರನ್ನೂ ಕರೆದುಕೊಂಡು ಹೋದೆವು. ಕಾಂಡವೆಲ್ಲ ಇದ್ದಿಲು ಕಪ್ಪು. ಬುಡದಲ್ಲಿ ಆಳೆತ್ತರದ ಚಿಗುರು, ಮೇಲೆ ಕಾಂಡದ ಉದ್ದಕ್ಕೂ ಕೊಂಬೆಯೇ ಇಲ್ಲದೆ ನೇರವಾಗಿ ಹೊರಟ ಹಸಿರು ಎಲೆ. ಅತ್ತೆ ಒಂದು ಮರದ ಸುತ್ತ ಪೂರ್ತಿ ಬಂದು, ಬುಡದ ಚಿಗುರು ಸರಿಸಿ ನೋಡಿದರು. "ಬದುಕ್ತದೆ ಬಿಡು" ಅಂದರು. ತೋಟದ ಗಿಡಕ್ಕೆ ಹೇಳುವ ಅದೇ ಧಾಟಿ. ನಮ್ಮ ಟೆಂಟ್ ಹಾಕುತ್ತಿದ್ದ ಜಾಗ ಯಾವುದು ಅಂತ ಮಗ ಹುಡುಕಿದ, ಗುರುತು ಸಿಗಲಿಲ್ಲ. ಆದರೆ ನೆರಳು ಕಡಿಮೆಯಾಗಿ ಬೆಳಕು ನೆಲ ಮುಟ್ಟುತ್ತಿತ್ತು, ಮೊದಲು ಅಲ್ಲಿ ಕಾಣದ ಹೂಗಳು ಅರಳಿದ್ದವು. ಮೊದಲಿನ ಕಾಡು ನೋಡಿದವರಿಗೆ ದುಃಖ ಆಗುತ್ತದೆ, ಆಗಲಿ. ಆದರೆ ಸಾವಿರ ವರ್ಷದ ಮರ ಹೊಸದಾಗಿ ಚಿಗುರುವುದನ್ನು ನೋಡುವ ಅವಕಾಶ ಎಷ್ಟು ತಲೆಮಾರಿಗೆ ಸಿಗುತ್ತದೆ ಹೇಳಿ? ನಮ್ಮ ಮಕ್ಕಳಿಗೆ ಸಿಕ್ಕಿದೆ.

ಹೋಗುವವರು ಕಾರಿಗೆ ಮುಂಚೆಯೇ ಜಾಗ ಬುಕ್ ಆಗಬೇಕಾ ಅಂತ ನೋಡಿಕೊಂಡು ಹೊರಡಿ. ನೀರು ಮನೆಯಿಂದಲೇ ತುಂಬಿಕೊಳ್ಳಿ, ಫೋನ್ ಸಿಗ್ನಲ್ ನಂಬಬೇಡಿ. ವಯಸ್ಸಾದವರಿದ್ದರೆ ರೆಡ್‌ವುಡ್ ಲೂಪ್ ಸಾಕು, ಸಮತಟ್ಟು ದಾರಿ, ಒಂದು ಮೈಲಿಯೂ ಇಲ್ಲ. ಚಿತ್ರಾನ್ನ ಒಯ್ಯಿರಿ, ಕಡಲೆಬೀಜ ಬಿದ್ದರೆ ಆರಿಸಿಕೊಳ್ಳಿ. ಮಕ್ಕಳು ಒಂದು ಮರ ಆರಿಸಿಕೊಳ್ಳಲಿ, ಅದರ ಪಕ್ಕ ನಿಲ್ಲಿಸಿ ಫೋಟೋ ತೆಗೆಯಿರಿ. ಮುಂದಿನ ವರ್ಷ ಅದೇ ಮರದ ಹತ್ತಿರ ಇನ್ನೊಂದು. ಚಿಗುರು ಜಾಸ್ತಿ ಬೆಳೆದಿದೆಯೋ ಮಗು ಜಾಸ್ತಿ ಬೆಳೆದಿದೆಯೋ ಅವರೇ ಅಳೆದು ನೋಡಲಿ.

ನಮಸ್ಕಾರ.