ಮೊದಲು ವಾಕ್ಯ, ಆಮೇಲೆ ಆಯ್ಕೆ: ಸ್ನಾತಕೋತ್ತರ ಪ್ರವೇಶ ಪರೀಕ್ಷೆಗಳ ಭಾಷಾ ಪ್ರಶ್ನೆಗಳನ್ನು ಬಿಡಿಸುವ ಬಗೆ

ವಿದ್ಯಾರ್ಥಿ ಮಿತ್ರರೇ, ಅಧ್ಯಾಪಕ ಬಂಧುಗಳೇ,

ಸ್ನಾತಕೋತ್ತರ ಅಧ್ಯಯನಕ್ಕೆ ಪ್ರವೇಶ ಬಯಸುವವರು ಬರೆಯುವ ಜಿಆರ್‌ಇ, ಜಿಮ್ಯಾಟ್‌ನಂತಹ ಪರೀಕ್ಷೆಗಳಲ್ಲಿ ವರ್ಬಲ್ ಎಂದು ಕರೆಯುವ ಭಾಷಾ ವಿಭಾಗದ ಬಗ್ಗೆ ಈ ಹೊತ್ತು ಮಾತನಾಡುತ್ತೇನೆ. ಈ ವಿಭಾಗಕ್ಕೆ ತಯಾರಿ ನಡೆಸುವವರ ಜೊತೆ ಹಲವು ವರ್ಷ ಕುಳಿತು ಪ್ರಶ್ನೆ ಬಿಡಿಸಿದ ಅನುಭವದಿಂದ ಹೇಳುವುದಾದರೆ, ನಾನು ಕಂಡ ತಪ್ಪು ಉತ್ತರಗಳಲ್ಲಿ ಪದ ಗೊತ್ತಿಲ್ಲದೆ ಆದವು ಕಡಿಮೆ. ವಾಕ್ಯ ಹೇಳದೇ ಇದ್ದ ಏನನ್ನೋ ಓದುವವರೇ ಸೇರಿಸಿಕೊಂಡದ್ದರಿಂದ, ಇಲ್ಲವೇ ವಾಕ್ಯ ಸ್ಪಷ್ಟವಾಗಿ ಹೇಳಿದ್ದ ಒಂದು ಸಣ್ಣ ಮಾತನ್ನು ಅವರು ದಾಟಿಹೋದದ್ದರಿಂದ ಆದವೇ ಹೆಚ್ಚು. ಬರೆದಿರುವಷ್ಟನ್ನೇ, ಅದಕ್ಕಿಂತ ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ, ಹಿಡಿದುಕೊಳ್ಳುವ ಸಾಮರ್ಥ್ಯವನ್ನೇ ಈ ಪ್ರಶ್ನೆಗಳು ಅಳೆಯುತ್ತವೆ ಎಂಬುದು ನನ್ನ ನಂಬಿಕೆ. ಮುಂದೆ ಹೇಳುವ ಉಪಾಯಗಳೆಲ್ಲವೂ ಈ ನಂಬಿಕೆಯಿಂದ ಹುಟ್ಟಿದವು.

ಮೊದಲು ಪರೀಕ್ಷೆಯ ಈಗಿನ ಸ್ವರೂಪವನ್ನು ನೋಡೋಣ. ಹಿಂದೆ ಪರೀಕ್ಷೆ ಬರೆದವರು ಕೊಡುವ ಸಲಹೆಗಳಲ್ಲಿ ಕೆಲವು ಈಗ ಸಲ್ಲುವುದಿಲ್ಲ. ಒಂದು ಕಾಲದಲ್ಲಿ ಜಿಆರ್‌ಇಯಲ್ಲಿ ವಿರುದ್ಧ ಪದವನ್ನು ಗುರುತಿಸುವ ಪ್ರಶ್ನೆಗಳೂ, ಪದಜೋಡಿಗಳ ನಡುವಿನ ಸಂಬಂಧವನ್ನು ಹೋಲಿಸುವ ಪ್ರಶ್ನೆಗಳೂ ಇದ್ದವು. ಸಾವಿರಾರು ಪದಗಳ ಪಟ್ಟಿಯನ್ನು ಕಂಠಪಾಠ ಮಾಡುವ ರೂಢಿ ಬೆಳೆದದ್ದು ಆ ಪ್ರಶ್ನೆಗಳಿಂದ. 2011ರ ಪರಿಷ್ಕರಣೆಯಲ್ಲಿ ಅವೆರಡನ್ನೂ ಕೈಬಿಟ್ಟು, ವಾಕ್ಯದ ಒಳಗೆ ಪದ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒತ್ತು ಕೊಟ್ಟರು. 2023ರ ಸೆಪ್ಟೆಂಬರ್‌ನಲ್ಲಿ ಪರೀಕ್ಷೆ ಮತ್ತೆ ಬದಲಾಯಿತು. ಇಡೀ ಪರೀಕ್ಷೆಯ ಅವಧಿ 1 ಗಂಟೆ 58 ನಿಮಿಷಕ್ಕೆ ಇಳಿಯಿತು. ಭಾಷಾ ವಿಭಾಗದಲ್ಲಿ ಈಗ ಎರಡು ಭಾಗಗಳಿವೆ: ಮೊದಲನೆಯದರಲ್ಲಿ 18 ನಿಮಿಷಕ್ಕೆ 12 ಪ್ರಶ್ನೆ, ಎರಡನೆಯದರಲ್ಲಿ 23 ನಿಮಿಷಕ್ಕೆ 15 ಪ್ರಶ್ನೆ. ಮೊದಲ ಭಾಗದಲ್ಲಿ ನೀವು ಹೇಗೆ ಉತ್ತರಿಸಿದಿರಿ ಎಂಬುದರ ಮೇಲೆ ಎರಡನೆಯ ಭಾಗದ ಕಠಿಣತೆ ನಿರ್ಧಾರವಾಗುತ್ತದೆ. ಅಂಕಗಳು 130ರಿಂದ 170ರವರೆಗೆ ಇರುತ್ತವೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಜಿಮ್ಯಾಟ್ ಕೂಡ 2023ರ ನವೆಂಬರ್‌ನಿಂದ ಹೊಸ ರೂಪದಲ್ಲಿ ಬಂದಿದ್ದು, ವ್ಯಾಕರಣ ದೋಷವನ್ನು ತಿದ್ದುವ ವಾಕ್ಯಗಳು ಅದರ ಭಾಷಾ ವಿಭಾಗದಿಂದ ಹೊರಬಿದ್ದಿವೆ. ಅಲ್ಲೀಗ 45 ನಿಮಿಷಕ್ಕೆ 23 ಪ್ರಶ್ನೆಗಳು, ಎಲ್ಲವೂ ಗದ್ಯಭಾಗದ ಗ್ರಹಿಕೆಗೆ ಅಥವಾ ತರ್ಕಕ್ಕೆ ಸೇರಿದವು. ಹಳೆಯ ಕೈಪಿಡಿಯನ್ನು ಮುಂದಿಟ್ಟುಕೊಂಡು ತಿಂಗಳುಗಟ್ಟಲೆ ವಾಕ್ಯ ತಿದ್ದುತ್ತ ಕುಳಿತವರನ್ನು ನಾನು ನೋಡಿದ್ದೇನೆ, ಅವರ ಶ್ರಮವನ್ನು ನೆನೆದು ಸಂಕಟಪಟ್ಟಿದ್ದೇನೆ. ಆದ್ದರಿಂದ ಯಾವ ಪುಸ್ತಕ ಹಿಡಿದರೂ ಅದು ಯಾವ ವರ್ಷದ್ದು ಎಂಬುದನ್ನು ಮೊದಲು ನೋಡಿ.

ಈಗ ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಿಗೆ ಬರೋಣ. ಒಂದು ಮಾದರಿಯನ್ನು ಕನ್ನಡದಲ್ಲೇ ಕಟ್ಟಿದ್ದೇನೆ, ಏಕೆಂದರೆ ತಂತ್ರ ಯಾವ ಭಾಷೆಯಲ್ಲಾದರೂ ಒಂದೇ. "ಆ ವಿಮರ್ಶಕರ ಬರಹ ಮೇಲ್ನೋಟಕ್ಕೆ ______ ಎನಿಸಿದರೂ, ಅದರ ಒಂದೊಂದು ವಾಕ್ಯವೂ ಹತ್ತಾರು ಬಾರಿ ತಿದ್ದಿ ತೀಡಿದ್ದು ಎಂಬುದು ಹಸ್ತಪ್ರತಿಯನ್ನು ಕಂಡವರಿಗೆ ಗೊತ್ತು." ಕೊಟ್ಟಿರುವ ಐದು ಆಯ್ಕೆಗಳು: ವಿದ್ವತ್ಪೂರ್ಣ, ನೀರಸ, ಅನಾಯಾಸ, ಕಟು, ದೀರ್ಘ. ಆಯ್ಕೆಗಳನ್ನು ಮೊದಲು ಓದಿದವರ ಗತಿ ಏನಾಗುತ್ತದೆ ನೋಡಿ. ವಿಮರ್ಶಕರು ಎಂದ ಕೂಡಲೇ ಮನಸ್ಸು ವಿದ್ವತ್ತಿನ ಕಡೆಗೆ ವಾಲುತ್ತದೆ. ಇನ್ನೊಬ್ಬರಿಗೆ ವಿಮರ್ಶೆ ಎಂದರೆ ಕಟುವಾದದ್ದೆಂಬ ಭಾವನೆ ಇರಬಹುದು. ಮತ್ತೊಬ್ಬರು ವಾಕ್ಯದ ಎರಡನೆಯ ಭಾಗ ಮೆಚ್ಚುಗೆಯದು, ಹಾಗಾದರೆ ಮೊದಲ ಭಾಗ ತೆಗಳಿಕೆಯದಿರಬೇಕು ಎಂದು ತರ್ಕಿಸಿ 'ನೀರಸ' ಎಂಬುದನ್ನು ಒತ್ತುತ್ತಾರೆ. ಈ ಮೂರನೆಯವರು ಅರ್ಧ ದಾರಿ ಸರಿಯಾಗಿಯೇ ಬಂದಿದ್ದಾರೆ. 'ಎನಿಸಿದರೂ' ಎಂಬ ರೂಪ ವಿರೋಧವನ್ನು ಸೂಚಿಸುತ್ತದೆ ಎಂಬುದು ಅವರಿಗೆ ಕಂಡಿದೆ. ಆದರೆ ಯಾವುದಕ್ಕೆ ವಿರೋಧ ಎಂದು ಅವರು ಕೇಳಿಕೊಳ್ಳಲಿಲ್ಲ. ವಾಕ್ಯದಲ್ಲಿರುವ ಆಧಾರ 'ತಿದ್ದಿ ತೀಡಿದ್ದು' ಎಂಬುದು. ಅದು ಬರಹದ ರುಚಿಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಬರೆದವರ ಶ್ರಮದ ಬಗ್ಗೆ ಹೇಳುತ್ತದೆ. ಶ್ರಮಕ್ಕೆ ಎದುರಾದದ್ದು ನಿರಾಯಾಸವೇ ಹೊರತು ನೀರಸತೆಯಲ್ಲ.

ಆದ್ದರಿಂದ ನಾನು ಎಲ್ಲರಿಗೂ ಹೇಳುವ ಮೊದಲ ಅಭ್ಯಾಸ ತೀರ ಸರಳವಾದದ್ದು: ಆಯ್ಕೆಗಳನ್ನು ಮುಚ್ಚಿ. ನನ್ನ ವಿದ್ಯಾರ್ಥಿನಿಯೊಬ್ಬಳು ಎಡ ಅಂಗೈಯನ್ನು ಪರದೆಗೆ ಅಡ್ಡ ಹಿಡಿದು, ವಾಕ್ಯವನ್ನಷ್ಟೇ ಓದಿ, ಬಿಟ್ಟ ಸ್ಥಳಕ್ಕೆ ತನಗೆ ತೋಚಿದ ಒಂದು ಸಾಧಾರಣ ಪದವನ್ನು ಕರಡು ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದಳು. ಆ ಪದ ಚೆಂದವಾಗಿರಬೇಕಿಲ್ಲ. 'ಸುಲಭ', 'ಅನುಮಾನ', 'ಹೊಗಳಿಕೆ' ಎಂಬಂತಹ ಮಾತು ಸಾಕು. ಪದವೇ ಹೊಳೆಯದಿದ್ದಾಗ ಅವಳು ಒಳ್ಳೆಯ ಅರ್ಥದ ಪದ ಬೇಕೆನಿಸಿದರೆ ಕೂಡಿಸುವ, ಕೆಟ್ಟ ಅರ್ಥದ್ದು ಬೇಕೆನಿಸಿದರೆ ಕಳೆಯುವ ಚಿಹ್ನೆಯನ್ನು ಮಾತ್ರ ಹಾಕುತ್ತಿದ್ದಳು. ಆಮೇಲೆ ಕೈ ಸರಿಸಿ, ತನ್ನ ಪದಕ್ಕೆ ಹತ್ತಿರವಾದ ಆಯ್ಕೆಯನ್ನು ಹುಡುಕುತ್ತಿದ್ದಳು. ಮೊದಲ ವಾರ ಇದು ಅವಳನ್ನು ನಿಧಾನಗೊಳಿಸಿತು. ಮೂರನೆಯ ವಾರದ ಹೊತ್ತಿಗೆ ಐದು ಆಯ್ಕೆಗಳ ನಡುವೆ ತೂಗಾಡುತ್ತಿದ್ದ ಸಮಯವೆಲ್ಲ ಉಳಿಯತೊಡಗಿತು.

ಇಲ್ಲಿ ಕನ್ನಡದಲ್ಲಿ ಯೋಚಿಸುವವರಿಗೆ ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. ನಮ್ಮ ವಾಕ್ಯದಲ್ಲಿ ವಿರೋಧದ ಸೂಚನೆ 'ಎನಿಸಿದರೂ', 'ಬಂದರೂ' ಎಂದು ಉಪವಾಕ್ಯದ ತುದಿಯಲ್ಲಿ, ಕ್ರಿಯಾಪದಕ್ಕೆ ಅಂಟಿಕೊಂಡು, ತಿರುವಿನ ಪಕ್ಕದಲ್ಲೇ ಬರುತ್ತದೆ. ಇಂಗ್ಲಿಷಿನ 'ಆಲ್ದೋ' ವಾಕ್ಯದ ಬಾಗಿಲಲ್ಲೇ ನಿಂತಿರುತ್ತದೆ; ಅದು ಎಚ್ಚರಿಸಿದ ತಿರುವು ಇಪ್ಪತ್ತು ಪದಗಳಾಚೆ ಬರುವಷ್ಟರಲ್ಲಿ ಓದುವವರು ಆ ಎಚ್ಚರಿಕೆಯನ್ನು ಮರೆತಿರುತ್ತಾರೆ. ಹಾಗೆಯೇ ನಾವು 'ನಿನ್ನೆ ಬಂದ ಅತಿಥಿ' ಎಂದು ವಿವರಣೆಯನ್ನು ನಾಮಪದಕ್ಕೆ ಮೊದಲೇ ಹೇಳಿ ಮುಗಿಸುತ್ತೇವೆ. ಇಂಗ್ಲಿಷ್ ಮೊದಲು ಅತಿಥಿಯನ್ನು ಹೇಳಿ, ಆಮೇಲೆ ವಿವರಣೆಯ ಸಾಲನ್ನು ಬೆಳೆಸಿ, ಕರ್ತೃವಿನಿಂದ ಕ್ರಿಯಾಪದವನ್ನು ಬಹುದೂರ ಒಯ್ಯಬಲ್ಲದು. ಆದ್ದರಿಂದ ಉದ್ದನೆಯ ವಾಕ್ಯ ಎದುರಾದಾಗ ಯಾರು, ಏನು ಮಾಡಿದರು ಎಂಬ ಎರಡನ್ನೇ ಮೊದಲು ಹುಡುಕಿ, ಎರಡು ಅಲ್ಪವಿರಾಮಗಳ ನಡುವಿನ ವಿವರಣೆಯನ್ನು ತಾತ್ಕಾಲಿಕವಾಗಿ ಪಕ್ಕಕ್ಕಿಡಿ. ನಿಷೇಧ ಪದಗಳನ್ನು ಎಣಿಸುವುದೂ ಅಷ್ಟೇ ಮುಖ್ಯ: 'ಹಾರ್ಡ್ಲಿ ಅನ್‌ಪ್ರೆಸಿಡೆಂಟೆಡ್' ಎಂದರೆ ಹಿಂದೆಯೂ ನಡೆದದ್ದು ಎಂದೇ ಅರ್ಥ.

ಆರು ಆಯ್ಕೆಗಳಲ್ಲಿ ವಾಕ್ಯಕ್ಕೆ ಒಂದೇ ಅರ್ಥ ಕೊಡುವ ಎರಡನ್ನು ಆರಿಸುವ ಸಮಾನಾರ್ಥ ವಾಕ್ಯಗಳ ಪ್ರಶ್ನೆಯಲ್ಲಿ ಬಲೆ ಬೇರೆ ಬಗೆಯದು. ಮಾತು ಕಡಿಮೆ ಆಡುವ ಅಧ್ಯಕ್ಷರೊಬ್ಬರ ಬಗ್ಗೆ ವಾಕ್ಯವಿದೆ ಎಂದುಕೊಳ್ಳಿ. ಆಯ್ಕೆಗಳಲ್ಲಿ 'ಟ್ಯಾಸಿಟರ್ನ್', 'ರೆಟಿಸೆಂಟ್' ಎಂಬ ಮಿತಭಾಷಿತ್ವದ ಜೋಡಿ ಇರುತ್ತದೆ. ಅದರ ಜೊತೆಗೆ 'ಜೆನರಸ್', 'ಮ್ಯಾಗ್ನಾನಿಮಸ್' ಎಂಬ ಔದಾರ್ಯದ ಜೋಡಿಯನ್ನೂ ಇಟ್ಟಿರುತ್ತಾರೆ. ವಾಕ್ಯವನ್ನು ಓದದೆ ಜೋಡಿಗಳನ್ನು ಮಾತ್ರ ಹುಡುಕುವವರು ಎರಡನೆಯದಕ್ಕೆ ಸಿಕ್ಕಿಬೀಳಬಹುದು. ವಾಕ್ಯಕ್ಕೆ ಹೇಗೋ ಒಪ್ಪುವ, ಆದರೆ ಜೊತೆಗಾರನಿಲ್ಲದ ಒಂಟಿ ಪದವೊಂದನ್ನೂ ಕೆಲವೊಮ್ಮೆ ಇಡುತ್ತಾರೆ. ಆದ್ದರಿಂದ ಒಪ್ಪುವಿಕೆಯನ್ನೂ ಜೊತೆಯನ್ನೂ ಎರಡನ್ನೂ ಪರೀಕ್ಷಿಸಬೇಕು. ಎರಡೂ ಪದಗಳು ಸರಿಯಾದರೆ ಮಾತ್ರ ಅಂಕ ಸಿಗುತ್ತದೆ.

ಪದಸಂಪತ್ತಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಡಾಖಂಡಿತವಾದದ್ದು. ಅಪರೂಪದ ಪದಗಳಿಗಿಂತ ಪರಿಚಿತ ಪದಗಳೇ ಇಲ್ಲಿ ಹೆಚ್ಚು ಮೋಸ ಮಾಡುತ್ತವೆ. 'ಕ್ವಾಲಿಫೈ' ಎಂದರೆ ಅರ್ಹತೆ ಪಡೆಯುವುದೆಂದು ಎಲ್ಲರಿಗೂ ಗೊತ್ತು. ಒಂದು ಹೇಳಿಕೆಗೆ ಮಿತಿ ಹಾಕುವುದು, ಷರತ್ತು ಸೇರಿಸುವುದು ಎಂಬ ಅರ್ಥದಲ್ಲಿ ಅದು ಬಂದಾಗ ಓದುವವರು ತಡವರಿಸುತ್ತಾರೆ. 'ಟೆಂಪರ್' ಎಂದರೆ ಸಿಟ್ಟು ಮಾತ್ರವಲ್ಲ, ತೀವ್ರತೆಯನ್ನು ತಗ್ಗಿಸುವುದು. 'ಅರೆಸ್ಟ್' ಎಂದರೆ ತಡೆದು ನಿಲ್ಲಿಸುವುದು. 'ಪೆಡೆಸ್ಟ್ರಿಯನ್' ಎಂದರೆ ಸಪ್ಪೆಯಾದದ್ದು. 'ಸ್ಯಾಂಕ್ಷನ್' ಎಂಬುದು ಮಂಜೂರಾತಿಯೂ ಹೌದು, ದಂಡನೆಯೂ ಹೌದು, ಯಾವುದೆಂದು ವಾಕ್ಯವೇ ಹೇಳಬೇಕು. ಧ್ವನಿಯನ್ನು ನಂಬಿ ಅರ್ಥ ಊಹಿಸುವುದೂ ಅಪಾಯಕಾರಿ. 'ಎನರ್ವೇಟ್' ಚೈತನ್ಯ ತುಂಬುವ ಪದದಂತೆ ಕೇಳಿಸಿದರೂ ಅದರ ಅರ್ಥ ಬಲಗುಂದಿಸುವುದು; 'ನಾಯ್ಸಮ್' ಎಂಬುದಕ್ಕೂ ಸದ್ದಿಗೂ ಸಂಬಂಧವಿಲ್ಲ, ಅದು ಅಸಹ್ಯವಾದ, ಹಾನಿಕರವಾದದ್ದನ್ನು ಹೇಳುತ್ತದೆ. ಪ್ರತಿ ಪದವನ್ನೂ ಅದು ಬಂದ ವಾಕ್ಯದ ಸಮೇತ ಬರೆದಿಟ್ಟುಕೊಳ್ಳಿ. ದಿನಕ್ಕೆ ಹತ್ತು ಪದ ಹೀಗೆ ಉಳಿದರೆ ಅದು ಐವತ್ತು ಪದಗಳ ಬಾಯಿಪಾಠಕ್ಕಿಂತ ಮೇಲು.

ಗದ್ಯಭಾಗದ ಪ್ರಶ್ನೆಗಳು ಜಿಆರ್‌ಇ ಭಾಷಾ ವಿಭಾಗದ ಸುಮಾರು ಅರ್ಧದಷ್ಟಿರುತ್ತವೆ. ಇಲ್ಲಿ ಒಂದು ತುಣುಕನ್ನು ಗಮನವಿಟ್ಟು ಕೇಳಿ. "1912ರಲ್ಲಿ ಆಲ್ಫ್ರೆಡ್ ವೆಗನರ್ ಖಂಡಗಳ ಚಲನೆಯ ವಾದವನ್ನು ಮಂಡಿಸಿದ ಮೇಲೆ ಬಹುಪಾಲು ಭೂವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ಈ ನಿರಾಕರಣೆಯನ್ನು ಬರಿಯ ಹಠಮಾರಿತನವೆಂದು ಬಣ್ಣಿಸುವುದು ವಾಡಿಕೆಯಾಗಿದೆ. ಆದರೆ ಖಂಡಗಳನ್ನು ಸರಿಸುವಷ್ಟು ಬಲ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ವೆಗನರ್ ಕೊಟ್ಟ ಉತ್ತರ ದುರ್ಬಲವಾಗಿತ್ತು." ಲೇಖಕರು ಯಾವ ಮಾತನ್ನು ಒಪ್ಪುತ್ತಾರೆ ಎಂಬುದು ಪ್ರಶ್ನೆ. ಮೊದಲ ಆಯ್ಕೆ: ವೆಗನರ್ ವಾದವೇ ಕೊನೆಗೆ ಸರಿ ಎಂದು ಸಾಬೀತಾಯಿತು. ಎರಡನೆಯದು: ವಿರೋಧಿಗಳಲ್ಲಿ ಯಾರಿಗೂ ಪೂರ್ವಗ್ರಹವಿರಲಿಲ್ಲ. ಮೂರನೆಯದು: ವಿರೋಧಕ್ಕೆ ಸ್ವಲ್ಪಮಟ್ಟಿಗಾದರೂ ಕಾರಣವಿತ್ತು.

ವಿಜ್ಞಾನ ಓದಿದವರು ಮೊದಲನೆಯದನ್ನು ಆರಿಸುವುದನ್ನು ಕಂಡಿದ್ದೇನೆ. 1960ರ ದಶಕದಲ್ಲಿ ಸಾಗರತಳ ಹರಡುವಿಕೆಯ ಸಾಕ್ಷ್ಯ ದೊರೆತು ಖಂಡಗಳು ಚಲಿಸುತ್ತವೆ ಎಂಬುದು ಸ್ಥಾಪಿತವಾಯಿತೆಂದು ಅವರಿಗೆ ಗೊತ್ತು. ಅವರ ತಿಳಿವಳಿಕೆ ನಿಜ, ಆದರೆ ಆ ಮಾತು ಈ ತುಣುಕಿನಲ್ಲಿ ಇಲ್ಲ. ಜಗತ್ತಿನಲ್ಲಿ ನಿಜವಾದದ್ದೆಲ್ಲ ಗದ್ಯಭಾಗದಲ್ಲಿ ಹೇಳಿದ್ದು ಆಗುವುದಿಲ್ಲ. ಹಾಗಾಗಿ ವಿಷಯ ಪರಿಚಿತವಾದಷ್ಟೂ ಹೆಚ್ಚು ಎಚ್ಚರ ಬೇಕು. ಎರಡನೆಯ ಆಯ್ಕೆಯ ದೋಷ 'ಯಾರಿಗೂ' ಎಂಬ ಒಂದು ಪದದಲ್ಲಿದೆ. ಲೇಖಕರು 'ಬರಿಯ' ಹಠಮಾರಿತನ ಎಂಬುದನ್ನು ಅಲ್ಲಗಳೆದಿದ್ದಾರೆಯೇ ಹೊರತು ಹಠ ಇರಲೇ ಇಲ್ಲ ಎಂದಿಲ್ಲ. ಮೂರನೆಯದು 'ಸ್ವಲ್ಪಮಟ್ಟಿಗಾದರೂ' ಎಂದು ತಗ್ಗಿದ ದನಿಯಲ್ಲಿ ಮಾತನಾಡುತ್ತದೆ, ತುಣುಕಿನ ಕೊನೆಯ ವಾಕ್ಯ ಅದನ್ನು ಪೂರ್ತಿಯಾಗಿ ಹೊರುತ್ತದೆ. ಸರಿಯುತ್ತರ ಅನೇಕ ವೇಳೆ ಹೀಗೆ ಸಪ್ಪೆಯಾಗಿರುತ್ತದೆ. ಒಂದು ಆಯ್ಕೆಯನ್ನು ಒಪ್ಪುವ ಮೊದಲು ಗದ್ಯದ ಯಾವ ಸಾಲು ಇದಕ್ಕೆ ಆಧಾರ ಎಂದು ಬೆರಳಿಟ್ಟು ತೋರಿಸಲು ಪ್ರಯತ್ನಿಸಿ. ತೋರಿಸಲಾಗದಿದ್ದರೆ ಅದನ್ನು ಬಿಡಿ. ಜಿಆರ್‌ಇಯಲ್ಲಿ ಮೂರು ಹೇಳಿಕೆಗಳನ್ನು ಕೊಟ್ಟು ಸರಿಯಾದವನ್ನೆಲ್ಲ ಆರಿಸಿ ಎನ್ನುವ ಪ್ರಶ್ನೆಗಳೂ ಬರುತ್ತವೆ. ಅಲ್ಲಿ ಒಂದೊಂದನ್ನೂ ಸರಿ, ತಪ್ಪು ಎಂಬ ಪ್ರತ್ಯೇಕ ಪ್ರಶ್ನೆಯಾಗಿಯೇ ನೋಡಬೇಕು.

ತರ್ಕದ ಪ್ರಶ್ನೆಗಳಿಗೆ ಒಂದೇ ಒಂದು ಸಾಧನ ಹೇಳುತ್ತೇನೆ. ವಾದ ಯಾವ ಹೇಳದ ಮಾತಿನ ಮೇಲೆ ನಿಂತಿದೆ ಎಂದು ಕೇಳಿದಾಗ, ನೀವು ಆರಿಸಿದ ಆಯ್ಕೆಯನ್ನು ನಿಷೇಧ ರೂಪಕ್ಕೆ ತಿರುಗಿಸಿ. ಗ್ರಂಥಾಲಯದ ಅವಧಿಯನ್ನು ಹೆಚ್ಚಿಸಿದ ಮೇಲೆ ಎರವಲು ಹೋಗುವ ಪುಸ್ತಕಗಳ ಸಂಖ್ಯೆ ಏರಿತು, ಆದ್ದರಿಂದ ಅವಧಿಯೇ ಕಾರಣ ಎಂಬುದು ವಾದವಾಗಿದ್ದರೆ, 'ಅದೇ ಸಮಯದಲ್ಲಿ ಬೇರಾವ ಕಾರಣದಿಂದಲೂ ಎರವಲು ಹೆಚ್ಚಾಗಿಲ್ಲ' ಎಂಬುದನ್ನು ತಿರುಗಿಸಿ ನೋಡಿ. ಬೇರೆ ಕಾರಣದಿಂದಲೇ ಹೆಚ್ಚಾಯಿತು ಎಂದ ಕೂಡಲೇ ವಾದ ಕುಸಿಯುತ್ತದೆ. ಕುಸಿದರೆ ಆ ಆಯ್ಕೆಯೇ ಅದರ ಅಡಿಪಾಯ.

ಇನ್ನು ಸಮಯ. ಜಿಆರ್‌ಇಯಲ್ಲಿ ಪ್ರಶ್ನೆಯೊಂದಕ್ಕೆ ಸರಾಸರಿ ಒಂದೂವರೆ ನಿಮಿಷ ಸಿಗುತ್ತದೆ, ಆದರೆ ಅದನ್ನು ಸಮನಾಗಿ ಹಂಚುವುದು ಜಾಣತನವಲ್ಲ. ಒಂದು ಭಾಗದೊಳಗಿನ ಎಲ್ಲ ಪ್ರಶ್ನೆಗಳಿಗೂ ಸಮಾನ ತೂಕವಿದೆ. ಒಂದೇ ಬಿಟ್ಟ ಸ್ಥಳವಿರುವ ಪ್ರಶ್ನೆಗೆ ಕಣ್ಣುಮುಚ್ಚಿ ಉತ್ತರಿಸಿದರೂ ಐದರಲ್ಲಿ ಒಂದು ಪಾಲು ಅವಕಾಶವಿರುತ್ತದೆ. ಆರರಲ್ಲಿ ಎರಡನ್ನು ಆರಿಸುವಲ್ಲಿ ಹದಿನೈದರಲ್ಲಿ ಒಂದು. ಮೂರು ಬಿಟ್ಟ ಸ್ಥಳಗಳಿರುವ ಪ್ರಶ್ನೆಯಲ್ಲಿ ಪ್ರತಿಯೊಂದಕ್ಕೂ ಮೂರು ಆಯ್ಕೆಗಳಿರುವುದರಿಂದ, ಮತ್ತು ಭಾಗಶಃ ಅಂಕವಿಲ್ಲದಿರುವುದರಿಂದ, ಇಪ್ಪತ್ತೇಳರಲ್ಲಿ ಒಂದು. ಹಾಗಾಗಿ ತಲೆಗೆ ಹತ್ತದ ಮೂರು ಸ್ಥಳಗಳ ವಾಕ್ಯಕ್ಕೆ ನಾಲ್ಕು ನಿಮಿಷ ಸುರಿಯುವ ಬದಲು, ಏನಾದರೊಂದು ಉತ್ತರ ಗುರುತಿಸಿ, ಚಿಹ್ನೆ ಹಾಕಿಟ್ಟು, ಮುಂದೆ ಹೋಗಿ. ಅದೇ ಭಾಗದ ಸಮಯ ಮುಗಿಯುವುದರೊಳಗೆ ಮರಳಿ ಬರಲು ಜಿಆರ್‌ಇಯಲ್ಲಿ ಅವಕಾಶವಿದೆ. ಜಿಮ್ಯಾಟ್‌ನಲ್ಲಿ ಉತ್ತರಿಸದೆ ಮುಂದೆ ಹೋಗುವಂತಿಲ್ಲ, ಪ್ರತಿ ವಿಭಾಗದ ಕೊನೆಯಲ್ಲಿ ಹೆಚ್ಚೆಂದರೆ ಮೂರು ಉತ್ತರಗಳನ್ನು ಬದಲಿಸಬಹುದು.

ಅಭ್ಯಾಸ ಪರೀಕ್ಷೆ ಬರೆದ ಮೇಲೆ ಅಂಕವನ್ನು ಮಾತ್ರ ನೋಡಿ ಹಾಳೆ ಮಡಚಿಡುವವರನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ, ಏಕೆಂದರೆ ಕಲಿಕೆ ಶುರುವಾಗುವುದೇ ಆಗ. ತಪ್ಪಿದ ಪ್ರತಿ ಪ್ರಶ್ನೆಗೂ ಸರಿಯುತ್ತರ ಏಕೆ ಸರಿ ಎಂಬುದರ ಜೊತೆಗೆ, ತಪ್ಪು ಆಯ್ಕೆ ನನ್ನನ್ನು ಏಕೆ ಸೆಳೆಯಿತು ಎಂಬುದನ್ನೂ ಒಂದು ಸಾಲಿನಲ್ಲಿ ಬರೆಯಿರಿ. 'ಹೊರಗಿನ ತಿಳಿವಳಿಕೆ ತಂದೆ', 'ಎಲ್ಲ ಎಂಬ ಪದವನ್ನು ಗಮನಿಸಲಿಲ್ಲ', 'ಆಲ್ದೋ ಮರೆತೆ' ಎಂಬಷ್ಟು ಸಾಕು. ಇಂತಹ ಮೂವತ್ತು ನಲವತ್ತು ಸಾಲು ಸೇರಿದಾಗ ಒಂದೆರಡು ಕಾರಣಗಳೇ ಮತ್ತೆ ಮತ್ತೆ ಬರುವುದು ಕಾಣುತ್ತದೆ. ನಿಮ್ಮ ಮುಂದಿನ ವಾರದ ಅಭ್ಯಾಸ ಯಾವುದರ ಮೇಲಿರಬೇಕೆಂದು ಆ ಸಾಲುಗಳೇ ತಿಳಿಸುತ್ತವೆ.

ಈಗ ನಿಮ್ಮ ಮುಂದೆ ಒಂದು ವಾಕ್ಯವನ್ನಿಡುತ್ತೇನೆ. "ಹೊಸ ಸಿದ್ಧಾಂತವನ್ನು ಸಂಶೋಧಕರು ತಿರಸ್ಕರಿಸಲಿಲ್ಲವಾದರೂ, ಅದನ್ನು ಬೆಂಬಲಿಸುವ ಪ್ರಯೋಗಗಳನ್ನು ಬೇರೆಯವರು ಮಾಡಿ ತೋರಿಸುವವರೆಗೆ ಅವರ ನಿಲುವು ______ ಆಗಿಯೇ ಉಳಿಯಿತು." ಆಯ್ಕೆಗಳನ್ನು ಇನ್ನೂ ಹೇಳುವುದಿಲ್ಲ. ನಿಮಗೆ ತೋಚಿದ ಪದವನ್ನೂ, ಅದಕ್ಕೆ ಆಧಾರವಾದ ವಾಕ್ಯದ ಭಾಗವನ್ನೂ ಹಾಳೆಯಲ್ಲಿ ಬರೆದುಕೊಳ್ಳಿ. ಒಂದು ನಿಮಿಷ ಬಿಟ್ಟು ಅಲ್ಲಿಂದಲೇ ಚರ್ಚೆ ಆರಂಭಿಸೋಣ.